ಬರಹಕ್ಕೂ ಒಂದು ಉತಾರ ಬೇಕು

ನಮ್ಮ ಕಡೆ ಎರಡೆಕರೆ ಹೊಲ ಇದ್ದವರೂ ವರ್ಷಕ್ಕೊಮ್ಮೆ ಉತಾರ (ಪಹಣಿ) ತೆಗೆಸಿ ನೋಡುತ್ತಾರೆ. ಯಾರ ಹೆಸರಿಗಿದೆ, ಬೋಜಾ (ಸಾಲದ ಹೊರೆ) ಎಷ್ಟಿದೆ, ಲಾವಣಿಗೆ (ಗೇಣಿಗೆ) ಕೊಟ್ಟಿದ್ದು ಯಾವ ಯುಗಾದಿಯ ತನಕ, ಎಲ್ಲ ಬಾಯಿಪಾಠ. ಅದೇ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಕತೆ, ಅಂಕಣ, ಅನುವಾದ ಬರೆಯುವವರು ಇದ್ದರೆ ಅವರನ್ನು ಕೇಳಿ ನೋಡಿ: ಯಾವ ಬರಹದ ಹಕ್ಕು ಈಗ ಯಾರ ಕೈಯಲ್ಲಿದೆ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಬರವಣಿಗೆಯಿಂದ ರೊಕ್ಕ ಬರಬೇಕು, ಬರುತ್ತಲೇ ಇರಬೇಕು ಎಂದು ಹೊರಟವರು ಕಲಿಯಬೇಕಾದ ಮೊದಲ ಪಾಠ ಇಲ್ಲಿಯೇ ಇದೆ. ಬರಹ ಹೊಲ ಇದ್ದಂತೆ. ಲಾವಣಿಗೆ ಕೊಡಿ, ಖರೀದಿ ಪತ್ರ ಬರೆದುಕೊಡಬೇಡಿ.

ಅದಕ್ಕೆ ಒಂದು ವಹಿ ಬೇಕು. ಎಕ್ಸೆಲ್ ಹಾಳೆ ಆದರೂ ನಡೆದೀತು, ಅಂಗಡಿಯಲ್ಲಿ ಸಿಗುವ ಕೆಂಪು ರಟ್ಟಿನ ಖಾತೆ ಪುಸ್ತಕ ಆದರೂ ನಡೆದೀತು. ಒಂದು ಬರಹಕ್ಕೆ ಒಂದು ಸಾಲು. ಶೀರ್ಷಿಕೆ, ಮುಗಿಸಿದ ದಿನ, ಪದಗಳ ಸಂಖ್ಯೆ, ಎಲ್ಲಿಗೆ ಯಾವಾಗ ಕಳಿಸಿದ್ದು, ಅಚ್ಚಾದ ತಾರೀಖು, ಕೊಟ್ಟ ಹಕ್ಕು, ಬರಬೇಕಾದ ರೊಕ್ಕ, ಬಂದ ರೊಕ್ಕ, ಬಂದ ದಿನ. ಇದರಲ್ಲಿ ಎಲ್ಲರೂ ಖಾಲಿ ಬಿಡುವ ಮನೆ 'ಕೊಟ್ಟ ಹಕ್ಕು'. ಅದೇ ಎಲ್ಲಕ್ಕಿಂತ ಮುಖ್ಯವಾದದ್ದು. ಅಲ್ಲಿ 'ಒಂದು ಸಲ ಅಚ್ಚು ಹಾಕಲು ಮಾತ್ರ' ಎಂದೋ, 'ಅಚ್ಚು ಮತ್ತು ವೆಬ್‌ಸೈಟ್' ಎಂದೋ, 'ಮೂರು ವರ್ಷ, ಕನ್ನಡ ಪುಸ್ತಕರೂಪ' ಎಂದೋ ಬರೆದಿರಬೇಕು. ಕಳಿಸಿದ ಮೇಲ್ ಮತ್ತು ಬಂದ ಉತ್ತರವನ್ನು ಪಿಡಿಎಫ್ ಮಾಡಿ ಅದೇ ಹೆಸರಿನ ಫೋಲ್ಡರ್‌ನಲ್ಲಿ ಇಡಿ.

ವಹಿ ಇಲ್ಲದಿದ್ದರೆ ಏನಾಗುತ್ತದೆ? ಉತ್ತರ ಬಾರದ ಕತೆಯನ್ನು ಇನ್ನೊಂದು ಕಡೆ ಕಳಿಸುತ್ತೀರಿ, ಎರಡೂ ಕಡೆ ಅಚ್ಚಾಗುತ್ತದೆ, ಇಬ್ಬರು ಸಂಪಾದಕರ ವಿಶ್ವಾಸ ಒಂದೇ ವಾರದಲ್ಲಿ ಹೋಗುತ್ತದೆ. ಸಾಪ್ತಾಹಿಕ ಪುರವಣಿಗೆ ಕಳಿಸಿದ್ದಕ್ಕೆ ಮೂರು ತಿಂಗಳು ಕಾಯಿರಿ. ಆಮೇಲೆ 'ಈ ಬರಹವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ' ಎಂದು ಎರಡು ಸಾಲಿನ ಮೇಲ್ ಹಾಕಿ, ಅದರ ನಂತರವೇ ಬೇರೆ ಕಡೆ ಕಳಿಸಿ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗಳಲ್ಲಿ ಇನ್ನೊಂದು ತಾಪತ್ರಯ ಇದೆ. ನಿಯಮದಲ್ಲಿ 'ಸ್ವಂತ, ಅಪ್ರಕಟಿತ' ಎಂದಿರುತ್ತದೆ. ಫೇಸ್‌ಬುಕ್ಕಿಗೆ ಹಾಕಿದ ಕತೆಯೂ ಪ್ರಕಟಿತ ಎಂದೇ ಲೆಕ್ಕಕ್ಕೆ ಹೋಗಬಹುದು. ಸ್ಪರ್ಧೆಗೆಂದು ಎತ್ತಿಟ್ಟ ಕತೆಯ ಒಂದು ಪ್ಯಾರಾ ಕೂಡ ಹೊರಗೆ ಹಾಕಬೇಡಿ.

ಈಗ ಕಾನೂನಿನ ಮಾತು. ಬರೆಯುವವರು ಇದನ್ನು ವಕೀಲರಿಗೆ ಬಿಟ್ಟುಬಿಡುತ್ತಾರೆ, ಬಿಡಬಾರದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಬರೆದವರ ಜೀವಿತಾವಧಿ, ಅದರ ಮೇಲೆ 60 ವರ್ಷ ಅದು ಉಳಿಯುತ್ತದೆ. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಲಿಖಿತದಲ್ಲಿ, ಸಹಿಯೊಂದಿಗೆ ಆಗಬೇಕು. ಫೋನಿನಲ್ಲಿ 'ಆತು, ಮಾಡ್ರಿ' ಎಂದಿದ್ದು ವಹಿಸಿಕೊಟ್ಟಂತೆ ಆಗುವುದಿಲ್ಲ. 19ನೆಯ ಕಲಮು ಬರೆಯುವವರ ಪಾಲಿಗೆ ಬಂಗಾರದಂಥದ್ದು. ಕರಾರಿನಲ್ಲಿ ಅವಧಿ ಬರೆಯದೇ ಇದ್ದರೆ 5 ವರ್ಷ ಎಂದೇ ತಿಳಿಯಬೇಕು. ಪ್ರದೇಶ ಬರೆಯದೇ ಇದ್ದರೆ ಭಾರತ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಲ್ಲಿ, ಆ ಹಕ್ಕು ಬರೆದವರಿಗೆ ವಾಪಸು. 2012ರ ತಿದ್ದುಪಡಿ ಬಂದ ಮೇಲೆ, ಕರಾರು ಮಾಡಿದ ಕಾಲಕ್ಕೆ ಬಳಕೆಯಲ್ಲೇ ಇರದ ಮಾಧ್ಯಮಕ್ಕೆ ಆ ಕರಾರು ಅನ್ವಯಿಸುವುದಿಲ್ಲ, ಅದರ ಹೆಸರು ಹೇಳಿ ಬರೆದಿದ್ದರೆ ಮಾತ್ರ ಅನ್ವಯಿಸುತ್ತದೆ.

ಪತ್ರಿಕೆಯಲ್ಲಿ ಸಂಬಳಕ್ಕಿರುವ ಮಿತ್ರರು ಗಮನಿಸಬೇಕಾದ ಮಾತು ಒಂದಿದೆ. ನೌಕರಿಯ ಭಾಗವಾಗಿ ಬರೆದಿದ್ದನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವ ಹಕ್ಕು ಮಾಲೀಕರದು. ಅದೇ ಬರಹವನ್ನು ಪುಸ್ತಕ ಮಾಡುವ ಹಕ್ಕು, ನೇಮಕಾತಿ ಪತ್ರದಲ್ಲಿ ಬೇರೆ ಶರತ್ತು ಇರದಿದ್ದರೆ, ಬರೆದವರದೇ. ಹುಬ್ಬಳ್ಳಿಯ ಪತ್ರಿಕಾಲಯಗಳಲ್ಲಿ ಹತ್ತಾರು ವರ್ಷ ಅಂಕಣ ಬರೆದವರು ತಮ್ಮ ನೇಮಕಾತಿ ಪತ್ರವನ್ನು ಒಮ್ಮೆ ಹುಡುಕಿ ಓದಬೇಕು.

ಪುಸ್ತಕದ ಕರಾರು ಎರಡು ಪುಟ ಇದ್ದರೆ ಸಾಕು. ಯಾವ ಕೃತಿ, ಯಾವ ರೂಪ (ಕಾಗದದ ಪುಸ್ತಕ, ಇ-ಪುಸ್ತಕ, ಆಡಿಯೋ, ಇವು ಮೂರೂ ಬೇರೆ ಬೇರೆ), ಎಷ್ಟು ವರ್ಷ, ಎಷ್ಟು ಪ್ರತಿ, ರಾಯಲ್ಟಿ ಎಷ್ಟು, ಯಾವುದರ ಮೇಲೆ, ಲೆಕ್ಕ ಯಾವ ತಿಂಗಳಲ್ಲಿ, ಪ್ರತಿ ಮುಗಿದು ಎಷ್ಟು ತಿಂಗಳಲ್ಲಿ ಮರುಮುದ್ರಣ ಮಾಡದಿದ್ದರೆ ಹಕ್ಕು ವಾಪಸು. ಅನುವಾದ, ಸಿನಿಮಾ, ನಾಟಕದ ಹಕ್ಕು ನಿಮ್ಮಲ್ಲೇ ಉಳಿಯಿತು ಎಂದು ಒಂದು ಸಾಲು ಇರಲಿ. 'ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ' ಎಂಬ ಸಾಲು ಕಂಡರೆ ಅದನ್ನು ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿ. ಒಳ್ಳೆಯ ಪ್ರಕಾಶಕರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

'ಯಾವುದರ ಮೇಲೆ' ಎಂಬ ಎರಡು ಪದದಲ್ಲಿ ಎಷ್ಟು ರೊಕ್ಕ ಅಡಗಿದೆ ನೋಡಿ. ಬೆಲೆ 200 ರೂಪಾಯಿ, ಪ್ರತಿ 1000, ರಾಯಲ್ಟಿ ಶೇ 10. ಮುಖಬೆಲೆಯ ಮೇಲಾದರೆ ಪ್ರತಿಗೆ 20, ಒಟ್ಟು 20,000. 'ನಿವ್ವಳ ಆದಾಯದ ಮೇಲೆ' ಎಂದಿದ್ದು, ಮಾರಾಟಗಾರರಿಗೆ ಶೇ 40 ರಿಯಾಯಿತಿ ಹೋದರೆ ಉಳಿಯುವುದು 120, ಅದರ ಶೇ 10 ಎಂದರೆ 12. ಒಟ್ಟು 12,000. ಎಂಟು ಸಾವಿರ ಕೈತಪ್ಪಿತು. ರಾಯಲ್ಟಿ ಬದಲು ಪ್ರತಿ ಕೊಡುವುದು ನಮ್ಮಲ್ಲಿ ರೂಢಿ. ಅದರಲ್ಲಿ ತಪ್ಪಿಲ್ಲ, ಆದರೆ ಅದೂ ಸಂಬಳವೇ. 100 ಪ್ರತಿ ತಂದು ಮನೆಯ ಅಟ್ಟದ ಮೇಲಿಟ್ಟರೆ ಗೆದ್ದಲಿಗೆ ಸಂಬಳ ಕೊಟ್ಟಂತೆ. ಅವನ್ನು ಮಾರುವ ಅಧಿಕಾರ ನಿಮಗಿದೆ ಎಂದು ಬರೆಸಿಕೊಳ್ಳಿ, ಮಾರಿ.

ಬರೀ ಪುಸ್ತಕದ ಮೇಲೆ ಮನೆ ನಡೆಯುವುದು ಕನ್ನಡದಲ್ಲಿ ಬಲು ಅಪರೂಪ. ಆದ್ದರಿಂದ ತಿಂಗಳ ಖರ್ಚಿಗೆ ಒಂದು ಕಸುಬು, ಹೆಸರಿಗೆ ಒಂದು ಕಸುಬು ಎಂದು ಮೊದಲೇ ವಿಂಗಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ಭಾಗದಲ್ಲಿ ಖರ್ಚು ತೂಗಿಸುವ ಕೆಲಸ ಎಂದರೆ ಅನುವಾದ, ಜಾಹೀರಾತು ಬರಹ, ಶಾಲಾ ಪಠ್ಯ ಸಾಮಗ್ರಿ, ಧಾರವಾಡ ಆಕಾಶವಾಣಿಗೆ ರೂಪಕ-ನಾಟಕ, ಧಾರಾವಾಹಿ ಸಂಭಾಷಣೆ, ಮತ್ತೆ ನಮ್ಮದೇ ಆದ ಅಭಿನಂದನಾ ಗ್ರಂಥ, ಸ್ಮರಣ ಸಂಚಿಕೆ. ಅನುವಾದ ಮತ್ತು ಅಭಿನಂದನಾ ಗ್ರಂಥ ಎರಡರ ಒಳಗುಟ್ಟು ತಿಳಿದಿರಬೇಕು.

ಅನುವಾದದ ದರವನ್ನು ಮೂಲದ ಪದಕ್ಕೆ ಕಟ್ಟಿ. ಕನ್ನಡದಲ್ಲಿ ವಿಭಕ್ತಿ, ಅವ್ಯಯ ಎಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. 'ಮನೆಯಲ್ಲಿದ್ದವರಿಗೂ' ಎಂಬುದು ನಮಗೆ ಒಂದೇ ಪದ, ಇಂಗ್ಲಿಷಿನಲ್ಲಿ ಅದು ಐದಾರು. ಹಾಗಾಗಿ 1000 ಪದದ ಇಂಗ್ಲಿಷ್ ಬರಹ ಕನ್ನಡಕ್ಕೆ ಬಂದಾಗ ಸಾಮಾನ್ಯವಾಗಿ 700-800 ಪದಕ್ಕೆ ಇಳಿಯುತ್ತದೆ. 'ಕನ್ನಡ ಪದಕ್ಕೆ ಇಷ್ಟು' ಎಂದು ಒಪ್ಪಿಕೊಂಡರೆ ಕಾಲು ಭಾಗ ಪುಕ್ಕಟೆ ದುಡಿದಂತೆ. ಮೊದಲು 300 ಪದ ಮಾಡಿ ನೋಡಿ, ಎಷ್ಟು ತಾಸು ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ, ಆಮೇಲೆ ದರ ಹೇಳಿ. ವೈದ್ಯಕೀಯ, ಕಾನೂನು ಬರಹಕ್ಕೆ ಕತೆಯ ದರ ಹೇಳಬೇಡಿ, ಪಾರಿಭಾಷಿಕ ಪದ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಪುಸ್ತಕವನ್ನೇ ಅನುವಾದಿಸುವುದಾದರೆ ಮೂಲ ಲೇಖಕರ ಲಿಖಿತ ಅನುಮತಿ ಕೈಗೆ ಬರುವ ತನಕ ಎರಡನೆಯ ಅಧ್ಯಾಯಕ್ಕೆ ಹೋಗಬೇಡಿ. ಲೇಖಕರು ತೀರಿಕೊಂಡು 60 ವರ್ಷ ದಾಟಿದ್ದರೆ ಮಾತ್ರ ಅನುಮತಿ ಬೇಡ. ಹಾವೇರಿ ಕಡೆಯ ಕಾದಂಬರಿಕಾರ ಗಳಗನಾಥರು ತೀರಿಕೊಂಡಿದ್ದು 1942ರಲ್ಲಿ, ಅವರ ಕೃತಿಗಳು ಈಗ ಎಲ್ಲರ ಸೊತ್ತು. ಬೇಂದ್ರೆಯವರು ಹೋಗಿದ್ದು 1981ರಲ್ಲಿ, ಅವರ ಕವಿತೆಗಳ ಹಕ್ಕು 2041ರ ಕೊನೆಯ ತನಕ ಇರುತ್ತದೆ. ವಿಮರ್ಶೆಯಲ್ಲಿ ನಾಲ್ಕು ಸಾಲು ಉದ್ಧರಿಸಲು ಕಾನೂನು ಅಡ್ಡ ಬರುವುದಿಲ್ಲ. ಇಡೀ ಕವಿತೆಯನ್ನು ನಿಮ್ಮ ಪುಸ್ತಕದಲ್ಲಿ ಹಾಕುವಾಗ ಅನುಮತಿ ಬೇಕು. ಅವರ ಮನೆಯಿರುವ ಸಾಧನಕೇರಿ ನಮ್ಮ ಧಾರವಾಡದಲ್ಲೇ ಇದ್ದರೂ ಬೇಕು.

ಅಭಿನಂದನಾ ಗ್ರಂಥದಲ್ಲಿ ರೊಕ್ಕ ಇದೆ, ತಲೆನೋವೂ ಇದೆ. ಸಮಾರಂಭದ ತಾರೀಖು ಮೊದಲೇ ನಿಶ್ಚಯ ಆಗಿರುತ್ತದೆ, ಲೇಖನಗಳು ಮಾತ್ರ ಬಂದಿರುವುದಿಲ್ಲ. ದೊಡ್ಡವರು 'ಕೊಡ್ತೇನಿ' ಎಂದು ಮೂರು ಸಲ ಹೇಳಿ ಕೊಡುವುದಿಲ್ಲ. ಅದಕ್ಕೇ ಕೆಲಸ ಹಿಡಿಯುವ ದಿನವೇ ಸಂಚಕಾರ (ಮುಂಗಡ) ಎಂದು ಮೂರನೆಯ ಒಂದು ಪಾಲು ಪಡೆಯಿರಿ, ಲೇಖನಗಳನ್ನು ತಿದ್ದಿ ಡಿಟಿಪಿಗೆ (ಪುಟ ಕಟ್ಟುವವರಿಗೆ) ಕೊಟ್ಟ ದಿನ ಇನ್ನೊಂದು ಪಾಲು, ಅಚ್ಚಿಗೆ ಹೋಗುವ ಮುನ್ನ ಕೊನೆಯದು. ಸಮಾರಂಭ ಮುಗಿದ ಮೇಲೆ ಉದ್ರಿ ವಸೂಲಿ ಮಾಡುವುದು ಕಷ್ಟ, ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸಮಾರಂಭಕ್ಕೆ 45 ದಿನ ಮೊದಲು ಲೇಖನದ ಬಾಗಿಲು ಹಾಕಿ. ಹತ್ತು ದಿನ ತಿದ್ದಲು, ಹತ್ತು ಪುಟ ಕಟ್ಟಲು, ಹತ್ತು ಕರಡಿಗೆ, ಉಳಿದ ಹದಿನೈದು ಅಚ್ಚು ಮತ್ತು ಬೈಂಡಿಂಗಿಗೆ. ಫೋಟೋಗಳನ್ನು ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಹಿಂಡಿ ಸಣ್ಣ ಮಾಡಿ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಪುಟದ ಮೇಲೆ 4 ಇಂಚು ಅಗಲ ಬರಬೇಕಾದ ಫೋಟೋಗೆ ಕಡಿಮೆ ಎಂದರೆ 1200 ಪಿಕ್ಸೆಲ್ ಅಗಲ ಬೇಕು. ಇಲ್ಲದಿದ್ದರೆ ಸನ್ಮಾನಿತರ ಮುಖವೇ ಮಸುಕಾಗಿ ಬರುತ್ತದೆ, ಇಡೀ ಗ್ರಂಥದಲ್ಲಿ ಅವರ ಮನೆಯವರು ಮೊದಲು ನೋಡುವುದೂ ಅದನ್ನೇ.

ಹೊಸಬರಿಗೆ ಸರ್ಕಾರದ ಕಡೆಯಿಂದಲೂ ಒಂದೆರಡು ದಾರಿ ಇವೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿಯ ಪ್ರಕಟಣೆಗೆ ಪತ್ರಿಕೆ ನೋಡುತ್ತಿರಬೇಕು, ಹಸ್ತಪ್ರತಿ ಅದಕ್ಕೂ ಮುಂಚೆ ತಯಾರಿರಬೇಕು. 2021ರಲ್ಲಿ ಶುರುವಾದ ಪಿಎಂ-ಯುವ ಯೋಜನೆಯನ್ನು ನ್ಯಾಷನಲ್ ಬುಕ್ ಟ್ರಸ್ಟ್ ನಡೆಸುತ್ತದೆ. 30 ವರ್ಷದೊಳಗಿನವರಿಗಾಗಿ ಇದ್ದ ಆ ಯೋಜನೆಯಲ್ಲಿ ಆಯ್ಕೆಯಾದವರಿಗೆ ತಿಂಗಳಿಗೆ 50,000 ರೂಪಾಯಿಯಂತೆ ಆರು ತಿಂಗಳು ವಿದ್ಯಾರ್ಥಿವೇತನ. ಅದರಲ್ಲಿ ಕನ್ನಡದಲ್ಲೂ ಬರೆಯಲು ಅವಕಾಶ ಇತ್ತು.

ಹಸ್ತಪ್ರತಿ ಎಂದಾಗ ಒಂದು ಸಣ್ಣ ವಿಷಯವನ್ನು ದೊಡ್ಡದಾಗಿ ಹೇಳಬೇಕು. ಎಲ್ಲ ಕಂಪ್ಯೂಟರುಗಳಲ್ಲೂ ಓದಲು ಬರುವ ಅಕ್ಷರ ಪದ್ಧತಿಯಾದ ಯುನಿಕೋಡ್‌ನಲ್ಲೇ ಬರೆಯಿರಿ. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಇಲ್ಲವೇ ಶ್ರೀಲಿಪಿ ಫಾಂಟಿನಲ್ಲೇ ಪುಟ ಕಟ್ಟುತ್ತಾರೆ. ನಿಮ್ಮ ಫೈಲನ್ನು ಅದಕ್ಕೆ ಪರಿವರ್ತಿಸಿದಾಗ ಅಕ್ಷರದ ನಡುವೆ ಕಣ್ಣಿಗೆ ಕಾಣದ ಜೋಡಕಗಳು ಉದುರಿ ಹೋಗುತ್ತವೆ. 'ಸಾಫ್ಟ್‌ವೇರ್' ಎಂದು ಬರೆದಿದ್ದು 'ಸಾಫ್ಟ್ವೇರ್' ಆಗುತ್ತದೆ, 'ರ‍್ಯಾಂಕ್' ಎಂಬುದು 'ರ್ಯಾಂಕ್' ಆಗಿ ಅರ್ಕಾವತ್ತು ಹಾರಿ ಹಿಂದೆ ಕೂರುತ್ತದೆ. ಪರಿವರ್ತನೆ ಆದ ಮೇಲೆಯೇ ಕರಡು ನೋಡಬೇಕು. ಅದಕ್ಕೂ ಮುಂಚೆ ನಾಲ್ಕು ಸಲ ತಿದ್ದಿದ್ದು ಲೆಕ್ಕಕ್ಕಿಲ್ಲ. ಇನ್‌ಡಿಸೈನ್‌ನಲ್ಲಿ (ಪುಟ ಕಟ್ಟುವ ತಂತ್ರಾಂಶ) ಯುನಿಕೋಡ್ ಫಾಂಟನ್ನೇ ಬಳಸಿ ಪುಟ ಕಟ್ಟುವವರು ಸಿಕ್ಕರೆ ಬಹಳ ಒಳ್ಳೆಯದು. ಅವರು ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದ್ದಾರೋ ಇಲ್ಲವೋ ಕೇಳಿ, ಇಲ್ಲದಿದ್ದರೆ ಒತ್ತಕ್ಷರಗಳು ಪಕ್ಕಕ್ಕೆ ಸರಿದು ಕೂರುತ್ತವೆ.

ಆಡುಮಾತಿನಲ್ಲಿ ಬರೆಯುವವರಿಗೆ ಇನ್ನೊಂದು ಎಚ್ಚರ. ಬೇರೆ ಸೀಮೆಯ ಕರಡು ತಿದ್ದುವವರು 'ಮಾಡ್ಯಾರ' ಎಂಬುದನ್ನು 'ಮಾಡಿದ್ದಾರೆ' ಎಂದು, 'ಹೊಂಟಾನ' ಎಂಬುದನ್ನು 'ಹೊರಟಿದ್ದಾನೆ' ಎಂದು ಒಳ್ಳೆಯ ಮನಸ್ಸಿನಿಂದಲೇ ತಿದ್ದಿಬಿಡುತ್ತಾರೆ. ಇದಕ್ಕೆ ಸಿಟ್ಟು ಬೇಡ. ಹಸ್ತಪ್ರತಿಯ ಜೊತೆ ಒಂದು ಪುಟದ ಪದಪಟ್ಟಿ ಕಳಿಸಿ. ಯಾವ ಪಾತ್ರ 'ಐತಿ' ಅನ್ನುತ್ತದೆ, ಯಾವ ಪಾತ್ರ 'ಅದ' ಅನ್ನುತ್ತದೆ, 'ಇಲ್ರಿ' ಕೂಡಿಸಿ ಬರೆಯಬೇಕೋ ಬಿಡಿಸಿ ಬರೆಯಬೇಕೋ, ಎಲ್ಲ ಅದರಲ್ಲಿರಲಿ. ಆ ಪಟ್ಟಿ ಬರೆಯುವಾಗ ನಿಮ್ಮದೇ ಪಾತ್ರ ಐದನೆಯ ಪುಟದಲ್ಲಿ 'ಐತಿ' ಅಂದು ಐವತ್ತನೆಯ ಪುಟದಲ್ಲಿ 'ಅದ' ಅಂದಿದ್ದೂ ಕೈಗೆ ಸಿಗುತ್ತದೆ.

ಸ್ವಂತ ಪ್ರಕಾಶನ ಮಾಡುವವರಿಗೆ ಗದಗ ಹತ್ತಿರ ಇರುವುದು ಪುಣ್ಯ. ಮುದ್ರಣ ಕಾಶಿ ಎಂದು ಸುಮ್ಮನೆ ಕರೆದಿಲ್ಲ. ಪ್ರೆಸ್ಸಿಗೆ ಹೋಗುವ ಮುಂಚೆ ಪುಟದ ಲೆಕ್ಕ ನಿಮಗೇ ಬರಬೇಕು. ಡೆಮಿ 1/8, ಅಂದರೆ ಕತೆ-ಕಾದಂಬರಿಗಳ ಸಾಮಾನ್ಯ ಅಳತೆಯಲ್ಲಿ, ಒಟ್ಟಿಗೆ ಅಚ್ಚಾಗುವ 16 ಪುಟಕ್ಕೆ ಒಂದು ಫಾರ್ಮು. 160 ಪುಟ ಎಂದರೆ ಹತ್ತು ಫಾರ್ಮು. ನಿಮ್ಮ ಪುಸ್ತಕ 163 ಪುಟಕ್ಕೆ ನಿಂತರೆ ಹನ್ನೊಂದನೆಯ ಫಾರ್ಮು ಹಾಕಬೇಕು, ಅದರಲ್ಲಿ 13 ಪುಟ ಖಾಲಿ. ಅಕ್ಷರದ ಗಾತ್ರವನ್ನು ಅರ್ಧ ಪಾಯಿಂಟ್ ಇಳಿಸಿದರೆ, ಇಲ್ಲವೇ ಅಧ್ಯಾಯದ ಮೇಲಿನ ಜಾಗ ಎರಡು ಸಾಲು ಕಡಿಮೆ ಮಾಡಿದರೆ 160ಕ್ಕೆ ಬಂದು ಕೂರುತ್ತದೆ. 23x36 ಇಂಚಿನ ಹಾಳೆಯಲ್ಲಿ 32 ಪುಟ ಬರುವುದರಿಂದ ಒಂದು ಪುಸ್ತಕಕ್ಕೆ 5 ಹಾಳೆ, ಸಾವಿರ ಪುಸ್ತಕಕ್ಕೆ 5000 ಹಾಳೆ, ಅಂದರೆ 10 ರೀಮು. ಹಾಳಾಗುವುದಕ್ಕೆ ಅರ್ಧ ರೀಮು ಸೇರಿಸಿ. ಇಷ್ಟು ಗೊತ್ತಿದ್ದರೆ ಕೊಟೇಶನ್ ಓದಲು ಬರುತ್ತದೆ. 70 ಜಿಎಸ್ಎಂ (ಕಾಗದದ ತೂಕ, ಚದರ ಮೀಟರಿಗೆ 70 ಗ್ರಾಂ) ಮ್ಯಾಪ್‌ಲಿಥೋದಲ್ಲಿ 160 ಪುಟದ ಬೆನ್ನು ಸುಮಾರು 7-8 ಮಿಲಿಮೀಟರ್. ಅಂದಾಜಿನ ಮೇಲೆ ಮುಖಪುಟ ಮಾಡಿದರೆ ಬೆನ್ನಿನ ಹೆಸರು ಜಾರಿ ಮುಂಭಾಗಕ್ಕೆ ಬರುತ್ತದೆ. ಅದೇ ಕಾಗದದ ಖಾಲಿ ಡಮ್ಮಿ ಕಟ್ಟಿಸಿ ಅಳೆಯಿರಿ. ಅಚ್ಚಿನ ಪ್ಲೇಟ್ ಆದ ಮೇಲೆ ಒಂದಕ್ಷರ ತಿದ್ದಿದರೂ ಆ ಪ್ಲೇಟಿನ ಖರ್ಚು ಮತ್ತೆ ನಿಮ್ಮ ಮೇಲೇ. 100-200 ಪ್ರತಿಯಷ್ಟೇ ಬೇಕಿದ್ದರೆ ಆಫ್‌ಸೆಟ್ ಬೇಡ, ಡಿಜಿಟಲ್ ಮಾಡಿಸಿ.

ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ಯಾರಿಗೂ ರೊಕ್ಕ ಕೊಡಬೇಡಿ. ದೆಹಲಿಯ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ, ಅರ್ಜಿ ಆನ್‌ಲೈನ್. ಮುಖಪುಟ ಅಚ್ಚಿಗೆ ಹೋಗುವ ಒಂದೆರಡು ತಿಂಗಳು ಮೊದಲೇ ಅರ್ಜಿ ಹಾಕಿ. ಪುಸ್ತಕ ಬಂದ ಮೇಲೆ, 1954ರ ಕಾಯ್ದೆಯ ಪ್ರಕಾರ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು.

ಮಾರಾಟದ ಲೆಕ್ಕ ಹೀಗೆ ಹಾಕಿ. ಒಂದು ಪ್ರತಿಗೆ 70 ರೂಪಾಯಿ ಬಿತ್ತು, ಸಾವಿರಕ್ಕೆ 70,000 ಎಂದುಕೊಳ್ಳೋಣ. ಬೆಲೆ 200. ಅಂಗಡಿಗೆ ಶೇ 35 ಬಿಟ್ಟರೆ ಕೈಗೆ 130. ಹಾಕಿದ ರೊಕ್ಕ ಬರಬೇಕಾದರೆ 539 ಪ್ರತಿ ಹೋಗಬೇಕು. ನೀವೇ ಶೇ 10 ರಿಯಾಯಿತಿಯಲ್ಲಿ ಮಾರಿದರೆ ಕೈಗೆ 180, ಆಗ 389 ಪ್ರತಿಗೇ ಅಸಲು. 150 ಪ್ರತಿಯ ಅಂತರ ಅದು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದರು ಎಂಬುದನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ. ಅದರೊಳಗಿನ ಲೆಕ್ಕವನ್ನೂ ನೆನೆಯಬೇಕು. ಈಗ ಹೊರುವ ಕೆಲಸ ಅಂಚೆಯದು. 2025ರ ಮೇ ತಿಂಗಳಿಂದ ಪುಸ್ತಕಗಳಿಗೆಂದೇ ಜ್ಞಾನ್ ಪೋಸ್ಟ್ ಬಂದಿದೆ, 300 ಗ್ರಾಂ ತನಕ 20 ರೂಪಾಯಿಯಿಂದ ದರ ಶುರು, ತೆರಿಗೆ ಬೇರೆ. ಮೇಲೆ ಹೇಳಿದ 160 ಪುಟದ ಪುಸ್ತಕ ಸುಮಾರು 190 ಗ್ರಾಂ ತೂಗುತ್ತದೆ, ಲಕೋಟೆ ಸೇರಿಸಿದರೂ ಮೊದಲ ದರದಲ್ಲೇ ಹೋಗುತ್ತದೆ. 240 ಪುಟ ಆದರೆ ಪುಸ್ತಕವೇ 270 ಗ್ರಾಂ, ದಪ್ಪ ಲಕೋಟೆ ಹಾಕಿದರೆ 300 ದಾಟುವ ಅಪಾಯ ಇದೆ. ಪುಟ ಎಷ್ಟಿರಬೇಕು ಎಂಬ ಮಾತಿನಲ್ಲಿ ಅಂಚೆಯ ತಕ್ಕಡಿಗೂ ಒಂದು ಮತ ಇದೆ.

ತೆರಿಗೆಯ ಬಗ್ಗೆ ಚುಟುಕಾಗಿ. ಸಂಭಾವನೆಯಿಂದ ಶೇ 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದರೆ ಅದು ಕಳೆದುಹೋದ ರೊಕ್ಕವಲ್ಲ, ರಿಟರ್ನ್ ಸಲ್ಲಿಸಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಪ್ಯಾನ್ ಕೊಡದಿದ್ದರೆ ಹಿಡಿತ ಶೇ 20ಕ್ಕೆ ಏರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಕ್ಯೂಕ್ಯೂಬಿ ಕಲಮು ಪುಸ್ತಕದ ರಾಯಲ್ಟಿಗೆ 3 ಲಕ್ಷ ರೂಪಾಯಿ ತನಕ ವಿನಾಯಿತಿ ಕೊಟ್ಟಿತ್ತು, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಪತ್ರಿಕೆಯ ಸಂಭಾವನೆ, ಶಾಲಾ ಪಠ್ಯಪುಸ್ತಕ ಅದರಲ್ಲಿ ಬರುವುದಿಲ್ಲ. ಅದಕ್ಕಾಗಿಯೇ ವಹಿಯಲ್ಲಿ ರಾಯಲ್ಟಿಯನ್ನು ಬೇರೆ ಕಾಲಂನಲ್ಲಿ ಬರೆಯಿರಿ, ಪ್ರಕಾಶಕರಿಂದ ಪ್ರಮಾಣಪತ್ರ ಕೇಳಿ ಪಡೆಯಿರಿ.

ಕೊನೆಗೆ ವಾರಸಾ, ಅಂದರೆ ಉತ್ತರಾಧಿಕಾರ. ಹೊಲದ ವಾರಸಾ ಮಾಡಿಸಲು ಮನೆಯವರು ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆಯುತ್ತಾರೆ. ಪುಸ್ತಕದ್ದನ್ನು ಯಾರೂ ಕೇಳುವುದಿಲ್ಲ. ಮರುಮುದ್ರಣ ಮಾಡಬೇಕೆನ್ನುವ ಪ್ರಕಾಶಕರಿಗೆ ಸಹಿ ಹಾಕುವವರು ಯಾರು ಎಂದೇ ತಿಳಿಯದೆ ಒಳ್ಳೊಳ್ಳೆಯ ಪುಸ್ತಕಗಳು ಕಣ್ಮರೆಯಾಗುತ್ತವೆ. ಮೂವರು ಮಕ್ಕಳಿದ್ದರೆ ಮೂವರ ಒಪ್ಪಿಗೆಯೂ ಬೇಕಾಗುತ್ತದೆ, ಒಬ್ಬರು ಅಮೆರಿಕದಲ್ಲಿ ಇರುತ್ತಾರೆ. ಮೃತ್ಯುಪತ್ರದಲ್ಲಿ (ಉಯಿಲಿನಲ್ಲಿ) ಮನೆ, ಹೊಲ, ಬಂಗಾರದ ಜೊತೆ 'ನನ್ನ ಎಲ್ಲ ಬರಹಗಳ ಹಕ್ಕುಸ್ವಾಮ್ಯ ಇಂಥವರಿಗೆ' ಎಂದು ಒಂದು ಸಾಲು ಬರೆಯಿರಿ, ಒಬ್ಬರ ಹೆಸರನ್ನೇ ಬರೆಯಿರಿ. ಅಚ್ಚಾಗದ ಹಸ್ತಪ್ರತಿಯನ್ನು ಯಾರಿಗೆ ಬರೆದುಕೊಡುತ್ತೀರೋ, ಬೇರೆ ಮಾತು ಹೇಳದಿದ್ದರೆ ಅದರ ಹಕ್ಕೂ ಅವರಿಗೇ ಹೋಗುತ್ತದೆ ಎನ್ನುತ್ತದೆ ಕಾಯ್ದೆಯ 20ನೆಯ ಕಲಮು. ಕರಾರುಗಳ ಪ್ರತಿ ಯಾವ ಕಪಾಟಿನಲ್ಲಿದೆ, ಫೈಲುಗಳ ಪಾಸ್‌ವರ್ಡ್ ಏನು, ಯಾವ ಪ್ರಕಾಶಕರ ಅವಧಿ ಯಾವ ವರ್ಷ ಮುಗಿಯುತ್ತದೆ, ಇಷ್ಟನ್ನು ವಹಿಯ ಮೊದಲ ಪುಟದಲ್ಲಿ ಬರೆದು, ಆ ವಹಿ ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ತೋರಿಸಿಡಿ.